ಸಾಲಗಾರ ಅಜ್ಜ, ಬರ್ಲಿನ್ ನೀಲಿ ಮತ್ತು ಒಂದು ಅಲೆ: ಹೊಕುಸಾಯ್ ಪ್ರಕರಣ

1830ರ ಆಸುಪಾಸು. ಜಪಾನಿನ ಎಡೋ ಪಟ್ಟಣ, ಅಂದರೆ ಇವತ್ತಿನ ಟೋಕಿಯೊ. ಕಟ್ಸುಶಿಕಾ ಹೊಕುಸಾಯ್ ಎಂಬ ಚಿತ್ರಕಾರನಿಗೆ ಆಗ ಎಪ್ಪತ್ತು ವರ್ಷ. 1828ರಲ್ಲಿ ಎರಡನೇ ಹೆಂಡತಿ ತೀರಿಕೊಂಡಿದ್ದಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆತನಿಗೆ ಲಕ್ವವೂ ಹೊಡೆದಿತ್ತು. ಕೈ ಹೇಗೋ ಮತ್ತೆ ಹಿಡಿತಕ್ಕೆ ಬಂತು. ಆದರೆ ಮೊಮ್ಮಗ ಜೂಜಾಡಿ ಮಾಡಿಟ್ಟ ಸಾಲ ಅಜ್ಜನ ತಲೆ ಮೇಲೆ ಕೂತಿತ್ತು. ಆ ದಿನಗಳ ಒಂದು ಪತ್ರದಲ್ಲಿ ಆತ ತನ್ನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ: ಕೈಯಲ್ಲಿ ದುಡ್ಡಿಲ್ಲ, ಮೈಗೆ ಬಟ್ಟೆಯಿಲ್ಲ, ಊಟಕ್ಕೇ ತತ್ವಾರ.

ಇದಾಗಿ ಒಂದೆರಡು ವರ್ಷದಲ್ಲಿ ಈ ಮನುಷ್ಯ ಒಂದು ಅಲೆಯ ಚಿತ್ರ ಬರೆದ. ನೀವು ಅದನ್ನು ಖಂಡಿತ ನೋಡಿರುತ್ತೀರಿ. ಎಡಗಡೆಯಿಂದ ಎದ್ದು ಬಾಗಿದ ದೊಡ್ಡ ನೀಲಿ ಅಲೆ, ತುದಿಯಲ್ಲಿ ಉಗುರಿನಂತೆ ಚಾಚಿದ ಬಿಳಿ ನೊರೆ, ಕೆಳಗೆ ಮೂರು ದೋಣಿ, ದೂರದಲ್ಲಿ ಪುಟ್ಟ ಫ್ಯೂಜಿ ಬೆಟ್ಟ. ಟೀ ಶರ್ಟು, ಮೊಬೈಲ್ ಕವರು, ಕೆಫೆಯ ಗೋಡೆ, ಎಲ್ಲ ಕಡೆ ಅದೇ. ಕಲಾವಿದನ ಹೆಸರು ಗೊತ್ತಿಲ್ಲದವರಿಗೂ ಚಿತ್ರ ಗೊತ್ತು.

ಮುಪ್ಪು, ಕಾಯಿಲೆ, ಸಾಲದ ನಡುವೆ ಇಂಥ ಚಿತ್ರ ಹೇಗೆ ಬಂತು? ಅದು ಲೋಕವನ್ನೆಲ್ಲ ಸುತ್ತಿದ್ದು ಹೇಗೆ? ಪ್ರತಿಭೆ ಅಂತ ಒಂದೇ ಮಾತಲ್ಲಿ ಮುಗಿಸುವವರೇ ಜಾಸ್ತಿ. ನನಗೆ ಆ ಉತ್ತರ ಸಾಲುವುದಿಲ್ಲ. ಆ ಹಾಳೆ ಹುಟ್ಟಿದ್ದು ಅಂಗಡಿಯ ಸರಕಾಗಿ. ಹಲವು ಕೈಗಳು ಸೇರಿ, ಮರದಚ್ಚಿನಿಂದ ಒತ್ತಿ, ಅಗ್ಗದ ಬೆಲೆಗೆ, ಸಾಕಷ್ಟು ಪ್ರತಿಗಳಲ್ಲಿ ಮಾಡಿದ ವಸ್ತು ಅದು. ದೂರ ಹೋಗಿ ಮುಟ್ಟಿದ್ದಕ್ಕೂ ಅದೇ ಕಾರಣ ಎಂಬುದು ನನ್ನ ವಾದ.

ಅಲೆಗೆ ಮೊದಲಿನ ಐವತ್ತು ವರ್ಷ

ಹೊಕುಸಾಯ್ ಹುಟ್ಟಿದ್ದು 1760ರಲ್ಲಿ, ಎಡೋದ ಸುಮಿದಾ ನದಿಯ ಪೂರ್ವ ದಂಡೆಯಲ್ಲಿ. ಹುಡುಗನಾಗಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆಮೇಲೆ ಹದಿನಾಲ್ಕು ಹದಿನೈದನೇ ವಯಸ್ಸಿಗೆ ಮರದಚ್ಚು ಕೆತ್ತುವವನ ಕೈಕೆಳಗೆ ಸೇರಿದ. ಇದು ಸಣ್ಣ ವಿಷಯ ಅಲ್ಲ. ಆ ಕಾಲದಲ್ಲಿ ಚಿತ್ರ ಬರೆಯುವವನು ಬೇರೆ, ಕೆತ್ತುವವನು ಬೇರೆ. ಹೊಕುಸಾಯ್‌ಗೆ ಉಳಿ ಹಿಡಿದು ಗೊತ್ತಿತ್ತು. ಯಾವ ಗೆರೆ ಮರದಲ್ಲಿ ನಿಲ್ಲುತ್ತದೆ, ಯಾವುದು ಮುರಿಯುತ್ತದೆ ಅನ್ನುವುದು ಅವನ ಕೈಗೇ ಗೊತ್ತಿತ್ತು. ಆ ಅಲೆಯ ನೊರೆಯ ಗೆರೆಗಳನ್ನು ನೋಡುವಾಗ ನನಗೆ ಮೊದಲು ನೆನಪಾಗುವುದು ಈ ಸಂಗತಿಯೇ.

ಹತ್ತೊಂಬತ್ತರ ಸುಮಾರಿಗೆ ಕಟ್ಸುಕಾವಾ ಶುನ್‌ಶೋ ಎಂಬ ದೊಡ್ಡ ಕಲಾವಿದನ ಶಿಷ್ಯನಾದ. ಅಲ್ಲಿ ಕಬುಕಿ ನಾಟಕದ ನಟರ ಚಿತ್ರ ಬರೆಯುವ ಕೆಲಸ. ಗುರು ತೀರಿಕೊಂಡ ಮೇಲೆ ಆ ಮನೆತನದ ಜೊತೆ ನಂಟು ಕಡಿದುಹೋಯಿತು. ಅಲ್ಲಿಂದ ಮುಂದೆ ಕಂಡದ್ದನ್ನೆಲ್ಲ ಕಲಿಯುತ್ತಾ ಹೋದ. ಚೀನೀ ಚಿತ್ರ, ಬೇರೆ ಬೇರೆ ಜಪಾನಿ ಪಂಥಗಳ ರೀತಿ, ಜೊತೆಗೆ ಡಚ್ಚರ ತಾಮ್ರದಚ್ಚಿನ ಚಿತ್ರಗಳು ತಂದ ದೂರ-ಹತ್ತಿರದ ಲೆಕ್ಕ. ಆಗ ಜಪಾನು ಹೊರದೇಶದವರಿಗೆ ಬಹುಪಾಲು ಬಾಗಿಲು ಹಾಕಿಕೊಂಡಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯಲ್ಲಿ ವ್ಯಾಪಾರಕ್ಕೆ ಅವಕಾಶ. ಆ ಸಂದಿಯಲ್ಲೇ ತೂರಿಬಂದ ಹಾಳೆಗಳಿಂದ ಆತ ಕಲಿತ.

ಅಲೆಯೂ ಒಮ್ಮೆಗೇ ಬಂದದ್ದಲ್ಲ. ಸುಮಾರು 1803ರಲ್ಲಿ, ಮತ್ತೆ 1805ರ ಹೊತ್ತಿಗೆ ಆತ ದೋಣಿಯ ಮೇಲೆ ಬಾಗಿದ ಅಲೆಗಳನ್ನು ಬರೆದಿದ್ದ. ಎರಡನೆಯದಕ್ಕೆ ಪಾಶ್ಚಾತ್ಯ ಚಿತ್ರದಂತೆ ಚೌಕಟ್ಟು ಬೇರೆ. ಸಹಿಯನ್ನು ಕೂಡ ಯುರೋಪಿನ ಲಿಪಿ ಕಾಣಲಿ ಅಂತ ಅಡ್ಡಡ್ಡ ಬರೆದಿದ್ದಾನೆ. ಆದರೆ ಆ ಅಲೆಗಳು ದಪ್ಪ, ಭಾರ. ನೀರು ಅನ್ನಿಸುವುದಿಲ್ಲ, ಗುಡ್ಡ ಅನ್ನಿಸುತ್ತದೆ. ಅದೇ ಯೋಚನೆ ಇನ್ನೂ ಇಪ್ಪತ್ತೈದು ವರ್ಷ ಅವನೊಳಗೆ ಮಾಗಬೇಕಾಯಿತು.

ನಡುವಿನ ವರ್ಷಗಳಲ್ಲಿ ಆತ ಸುಮ್ಮನೆ ಕೂತವನಲ್ಲ. 1804ರಲ್ಲಿ ಎಡೋದ ಗೊಕೊಕುಜಿ ದೇವಾಲಯದಲ್ಲಿ ಜನರ ಎದುರು ಬೌದ್ಧ ಗುರು ಬೋಧಿಧರ್ಮನ ದೈತ್ಯ ಗಾತ್ರದ ಚಿತ್ರ ಬರೆದು ಊರೆಲ್ಲ ಮಾತಾಡುವ ಹಾಗೆ ಮಾಡಿದ. 1814ರಿಂದ 'ಮಂಗಾ' ಎಂಬ ರೇಖಾಚಿತ್ರಗಳ ಪುಸ್ತಕಮಾಲೆ ನಗೋಯಾದಲ್ಲಿ ಅಚ್ಚಾಗತೊಡಗಿತು. ಸ್ನಾನ ಮಾಡುವವರು, ಕುಸ್ತಿ ಪಟುಗಳು, ಕಪ್ಪೆ, ಹಕ್ಕಿ, ದೆವ್ವ, ಸೇತುವೆ, ಗಾಳಿಗೆ ಹಾರುವ ಟೋಪಿ, ಎಲ್ಲವೂ ಅದರಲ್ಲಿದೆ. ಒಟ್ಟು 15 ಸಂಪುಟ, ಕೊನೆಯದು ಬಂದದ್ದು ಆತ ಸತ್ತು ಎಷ್ಟೋ ವರ್ಷದ ಮೇಲೆ, 1878ರಲ್ಲಿ. ಚಿತ್ರ ಕಲಿಯುವವರಿಗೆ ನೋಡಿ ಬರೆಯಲು ಅನುಕೂಲವಾಗಲಿ ಅಂತ ಹೊರಟ ಪುಸ್ತಕ ಅದು. ಮುಂದೆ ಯುರೋಪಿನ ಬಾಗಿಲು ತೆರೆದದ್ದರಲ್ಲೂ ಅದರದು ದೊಡ್ಡ ಪಾಲು.

ಹೆಸರು ಬದಲಿಸುವುದು ಅವನ ಅಭ್ಯಾಸ. ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಇಟ್ಟುಕೊಂಡಿದ್ದ. ಹಳೆಯ ಹೆಸರನ್ನು ಶಿಷ್ಯರಿಗೆ ಕೊಡುತ್ತಿದ್ದುದೂ ಉಂಟು. ಮನೆಯನ್ನು 93 ಸಲ ಬದಲಿಸಿದ ಅಂತಲೂ ಹೇಳುತ್ತಾರೆ.

ಪ್ರಕಾಶಕ ಕಟ್ಟಿದ ಬಾಜಿ

ಈಗ ಪ್ರಕರಣದ ನಡುಭಾಗಕ್ಕೆ ಬರೋಣ. ನಿಶಿಮುರಾಯಾ ಯೊಹಾಚಿ ಎಡೋದ ಪ್ರಕಾಶಕ. ಹೊಕುಸಾಯ್ ಜೊತೆ ಸೇರಿ 'ಫ್ಯೂಜಿ ಬೆಟ್ಟದ ಮೂವತ್ತಾರು ನೋಟಗಳು' ಎಂಬ ಸರಣಿಗೆ ಕೈಹಾಕಿದ. ಆ ಹೊತ್ತಿಗೆ ಮರದಚ್ಚಿನ ಪೇಟೆಯಲ್ಲಿ ಓಡುತ್ತಿದ್ದದ್ದು ಚೆಲುವೆಯರ ಮತ್ತು ನಟರ ಚಿತ್ರ. ಬರೀ ಬೆಟ್ಟ, ಹೊಳೆ, ಊರಿನ ನೋಟಕ್ಕೆ ದೊಡ್ಡ ಹಾಳೆಯ ಸರಣಿ ಮಾಡುವುದು ದುಡ್ಡಿನ ಅಪಾಯ. ಆದರೆ ಅವನ ಲೆಕ್ಕಾಚಾರ ಕುರುಡಾಗಿರಲಿಲ್ಲ. ಎಡೋದ ಜನಕ್ಕೆ ಫ್ಯೂಜಿ ದೇವರ ಸಮಾನ. ಬೆಟ್ಟ ಹತ್ತಲು ಹಣ ಕೂಡಿಸುವ ಭಕ್ತರ ಕೂಟಗಳು ಊರ ತುಂಬ ಇದ್ದವು. ಹೋಗಲಾಗದವರಿಗೆ ಅಂತ ಪಟ್ಟಣದೊಳಗೇ ಪುಟ್ಟ ಫ್ಯೂಜಿ ದಿಬ್ಬಗಳನ್ನು ಕಟ್ಟಿಕೊಂಡಿದ್ದರು. ತೀರ್ಥಯಾತ್ರೆ, ಪ್ರವಾಸದ ಹುಚ್ಚೂ ಹೆಚ್ಚಿತ್ತು.

ಎರಡನೆಯ ಆಕರ್ಷಣೆ ಬಣ್ಣ. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಬೇರೇನೋ ಬಣ್ಣ ಮಾಡಹೋಗಿ ಆಕಸ್ಮಿಕವಾಗಿ ಸಿಕ್ಕಿದ ನೀಲಿ ಅದು, ಪ್ರಷ್ಯನ್ ನೀಲಿ. ಜಪಾನಿನ ಅಚ್ಚಿನವರು ಅಲ್ಲಿಯವರೆಗೆ ಬಳಸುತ್ತಿದ್ದ ಗಿಡದ ನೀಲಿಗಳಲ್ಲಿ ಕೆಲವು ಬೇಗ ಮಾಸುತ್ತಿದ್ದವು. ಈ ಹೊಸ ನೀಲಿ ಗಾಢ, ಹೊಳಪು, ಬಾಳಿಕೆ ಎಲ್ಲದರಲ್ಲೂ ಮುಂದು. ಮೊದಲು ಬಲು ದುಬಾರಿ. 1820ರ ದಶಕದ ಕೊನೆಗೆ ಚೀನಾದಿಂದಲೂ ಬರತೊಡಗಿ ಬೆಲೆ ಇಳಿಯಿತು. 1829ರ ಹೊತ್ತಿಗೆ ಕೇಸಾಯ್ ಏಸೆನ್ ಎಂಬ ಕಲಾವಿದ ಬೀಸಣಿಗೆಗೆ ಪೂರ್ತಿ ನೀಲಿಯ ಚಿತ್ರ ಮಾಡಿ ಜನರ ಮನಸ್ಸು ಗೆದ್ದಿದ್ದ. ನಿಶಿಮುರಾಯಾ ಅದನ್ನು ಗಮನಿಸಿದ. 1831ರ ಹೊತ್ತಿನ ತನ್ನ ಜಾಹೀರಾತಿನಲ್ಲಿ ಫ್ಯೂಜಿ ಸರಣಿಯನ್ನು ನೀಲಿಯಲ್ಲಿ ಅಚ್ಚಾಗುವ ಚಿತ್ರಗಳು ಎಂದೇ ಸಾರಿದ. ಸರಣಿಯ ಮೊದಲ ಮೂವತ್ತಾರು ಹಾಳೆಗಳಲ್ಲಿ ಹೊರಗೆರೆ ಕೂಡ ಕಪ್ಪಲ್ಲ, ನೀಲಿ.

ಅಂದರೆ ಬರ್ಲಿನ್ನಿನ ಬಣ್ಣ, ಡಚ್ ಹಾಳೆಗಳಿಂದ ಕಲಿತ ದೂರದ ಲೆಕ್ಕ, ಎಡೋದ ಭಕ್ತಿ, ಒಬ್ಬ ವ್ಯಾಪಾರಿಯ ಧೈರ್ಯ, ಸಾಲ ತೀರಿಸಬೇಕಾದ ಮುದುಕನ ಅವಸರ. ಇಷ್ಟೂ ಒಂದೇ ಕಡೆ ಕೂಡಿದವು. ಪುರಾತನ ಜಪಾನಿನ ಶುದ್ಧ ಕಲೆ ಅಂತ ಈ ಅಲೆಯನ್ನು ಹೊಗಳುವವರಿಗೆ ನಾನು ಇದನ್ನು ನೆನಪಿಸಲು ಬಯಸುತ್ತೇನೆ. ಅದು ತನ್ನ ಕಾಲದ ಅತಿ ಹೊಸ ವಸ್ತು.

ಹಾಳೆಯಿಂದ ಹಲಗೆಗೆ

ಹೊಕುಸಾಯ್ ತೆಳು ಕಾಗದದ ಮೇಲೆ ಮಸಿಯಲ್ಲಿ ಚಿತ್ರ ಬರೆದುಕೊಟ್ಟ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆ ಮಾತ್ರ ಉಬ್ಬಿ ನಿಲ್ಲುವಂತೆ ಸುತ್ತಲಿನ ಮರವನ್ನೆಲ್ಲ ತೆಗೆದ. ಕೆತ್ತುವಾಗ ಕಾಗದವೂ ಹೋಗುತ್ತದೆ. ಹಾಗಾಗಿ ಕಲಾವಿದನ ಕೈಯ ಮೂಲ ಅಂತ ಏನೂ ಉಳಿಯುವುದಿಲ್ಲ. ಈ ಮಾತನ್ನು ಒಂದು ನಿಮಿಷ ನಿಂತು ಯೋಚಿಸಬೇಕು. ನಾವು ನೋಡುವ ನೊರೆಯ ಪ್ರತಿಯೊಂದು ಗೆರೆಯೂ ಕೆತ್ತಿದವನ ಉಳಿ ದಾಟಿ ಬಂದದ್ದು.

ಗೆರೆಯ ಹಲಗೆ ಆದಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಬಣ್ಣ ಅತ್ತಿತ್ತ ಸರಿಯದಂತೆ ಹಲಗೆಯ ಅಂಚಲ್ಲಿ ಕಚ್ಚು ಹಾಕಿ ಗುರುತು ಮಾಡಿರುತ್ತಾರೆ. ಕಾಗದದ ಮೂಲೆ ಪ್ರತಿ ಸಲವೂ ಅಲ್ಲೇ ಕೂರಬೇಕು. ಆಮೇಲೆ ಒತ್ತುವವನ ಸರದಿ. ಅವನು ಬ್ರಷ್ಷಿನಿಂದ ಹಲಗೆಗೆ ಬಣ್ಣ ಹಚ್ಚಿ, ಒದ್ದೆ ಮಾಡಿದ ಗಟ್ಟಿ ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ಬರೆನ್ ಎಂಬ ದುಂಡನೆಯ ಸಲಕರಣೆಯಿಂದ ಉಜ್ಜುತ್ತಾನೆ. ಯಂತ್ರ ಇಲ್ಲ. ಫ್ಯೂಜಿ ಹಿಂದಿನ ಆಕಾಶ ಕಪ್ಪಿನಿಂದ ನಿಧಾನವಾಗಿ ತಿಳಿಯಾಗುತ್ತದಲ್ಲ, ಅದು ಹಲಗೆ ಮೇಲೆ ಬಣ್ಣವನ್ನು ಬಟ್ಟೆಯಿಂದಲೋ ಬ್ರಷ್ಷಿನಿಂದಲೋ ತೆಳುಗೊಳಿಸಿದ ಕೈಚಳಕ. ಪ್ರತಿಯೊಂದು ಹಾಳೆಗೂ ಅದನ್ನು ಹೊಸದಾಗಿ ಮಾಡಬೇಕು.

ಸಿಕ್ಕ ಹಾಳೆಯ ಅಳತೆ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಎಷ್ಟೊಂದು ಚಿಕ್ಕದು ಅಲ್ವಾ? ಬೆಲೆ ಒಂದು ಬಟ್ಟಲು ನೂಡಲ್ಸ್‌ಗಿಂತ ಸ್ವಲ್ಪ ಜಾಸ್ತಿ. ಕೂಲಿಯವನೂ ಕೊಂಡು ಗೋಡೆಗೆ ಅಂಟಿಸಬಹುದಾದ ವಸ್ತು.

ಚಿತ್ರದೊಳಗೆ ಹೋದರೆ ಮೊದಲು ಮನುಷ್ಯರನ್ನು ನೋಡಿ. ಅಲೆಯ ಗದ್ದಲದಲ್ಲಿ ನಮ್ಮ ಕಣ್ಣು ಅವರನ್ನು ಬಿಟ್ಟುಬಿಡುತ್ತದೆ. ಮೂರು ದೋಣಿಯಲ್ಲಿ ಸುಮಾರು ಮೂವತ್ತು ಜನ. ಇವು ಹಿಡಿದ ಮೀನನ್ನು ಕೆಡುವ ಮೊದಲೇ ಎಡೋ ಮಾರುಕಟ್ಟೆಗೆ ಮುಟ್ಟಿಸುವ ವೇಗದ ದೋಣಿಗಳು. ಹುಟ್ಟು ಹಾಕುವವರು ತಲೆ ತಗ್ಗಿಸಿ ದೋಣಿಗೆ ಕಚ್ಚಿಕೊಂಡಿದ್ದಾರೆ. ಯಾರೂ ಓಡುತ್ತಿಲ್ಲ, ಕೂಗುತ್ತಿಲ್ಲ. ದುಡಿಮೆಯ ನಡುವೆ ಬಂದ ಆಪತ್ತು ಇದು. ಸರಣಿಯ ಬೇರೆ ಹಾಳೆಗಳಲ್ಲೂ ಪೀಪಾಯಿ ಮಾಡುವವ, ಮರ ಕೊಯ್ಯುವವ, ಬಲೆಯ ದಾರ ಹಿಡಿದು ಬಂಡೆಯ ತುದಿಗೆ ನಿಂತ ಬೆಸ್ತ, ಇಂಥವರೇ. ಆಮೇಲೆ ಫ್ಯೂಜಿ. ದೇಶದ ಅತಿ ಎತ್ತರದ ಬೆಟ್ಟ ಇಲ್ಲಿ ಅಲೆಯ ಕೆಳಗಿನ ಚಿಕ್ಕ ತ್ರಿಕೋನ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಯುರೋಪಿನ ಲೆಕ್ಕವನ್ನು ಆತ ಕೊನೆಯವರೆಗೆ ಎಳೆದಿದ್ದಾನೆ. ಮುಂಭಾಗದ ಸಣ್ಣ ಅಲೆಗೆ ಫ್ಯೂಜಿಯ ಆಕಾರವನ್ನೇ ಕೊಟ್ಟಿದ್ದಾನೆ. ಹೀಗೆ ಬೆಟ್ಟ ನೀರಾಗುತ್ತದೆ, ನೀರು ಬೆಟ್ಟವಾಗುತ್ತದೆ.

ಸರಣಿ ಚೆನ್ನಾಗಿ ಮಾರಾಟವಾಯಿತು. ಎಷ್ಟೆಂದರೆ ಮೂವತ್ತಾರಕ್ಕೆ ಮುಗಿಯಬೇಕಾದದ್ದಕ್ಕೆ ಇನ್ನೂ ಹತ್ತು ಸೇರಿಸಿ 46 ಮಾಡಿದರು. ಹೆಸರು ಮಾತ್ರ ಮೂವತ್ತಾರೇ ಉಳಿಯಿತು.

ದುಡ್ಡು ಎಲ್ಲಿ ಹೋಯಿತು?

ಹೊಕುಸಾಯ್ ಶ್ರೀಮಂತನಾಗಲಿಲ್ಲ. ಆ ವ್ಯಾಪಾರದ ಕ್ರಮವೇ ಹಾಗಿತ್ತು. ಕಲಾವಿದನಿಗೆ ಚಿತ್ರಕ್ಕೆ ಇಷ್ಟು ಅಂತ ಒಂದೇ ಸಲ ಕೂಲಿ. ಹಲಗೆ ಪ್ರಕಾಶಕನ ಆಸ್ತಿ. ಎಷ್ಟು ಪ್ರತಿ ಮಾರಿದರೂ ಬರೆದವನಿಗೆ ಪಾಲಿಲ್ಲ. ಜೊತೆಗೆ 1833ರಿಂದ ಕೆಲವು ವರ್ಷ ಜಪಾನಿಗೆ ಭಾರೀ ಕ್ಷಾಮ. ಹಿರೊಶಿಗೆ ಎಂಬ ಮೂವತ್ತೈದರ ಸುಮಾರಿನ ಕಲಾವಿದ ಅದೇ ಹೊತ್ತಿಗೆ ತೊಕೈಡೊ ಹೆದ್ದಾರಿಯ ಚಿತ್ರಗಳಿಂದ ಪೇಟೆ ಗೆದ್ದ. ಭೂದೃಶ್ಯಕ್ಕೆ ಹೊಕುಸಾಯ್ ಮಾಡಿಕೊಟ್ಟ ದಾರಿಯಲ್ಲಿ ಕಿರಿಯನೊಬ್ಬ ಮುಂದೆ ಹೋದ. 1839ರಲ್ಲಿ ಮನೆಗೆ ಬೆಂಕಿ ಬಿದ್ದು ಕೂಡಿಟ್ಟ ಚಿತ್ರಗಳೂ ಸುಟ್ಟವು.

ಆದರೂ ಕೈ ನಿಲ್ಲಲಿಲ್ಲ. 1834ರಲ್ಲಿ ಶುರುವಾದ ಫ್ಯೂಜಿಯ ನೂರು ನೋಟಗಳ ಪುಸ್ತಕದ ಕೊನೆಗೆ ಆತ ತನ್ನ ಬಗ್ಗೆ ಬರೆದುಕೊಂಡದ್ದು ಹೀಗಿದೆ: ಎಪ್ಪತ್ತಕ್ಕೆ ಮೊದಲು ಬರೆದದ್ದರಲ್ಲಿ ಲೆಕ್ಕಕ್ಕೆ ಬರುವಂಥದ್ದು ಇಲ್ಲ, ಎಪ್ಪತ್ತಮೂರಕ್ಕೆ ಪ್ರಾಣಿ, ಗಿಡಗಳ ಕಟ್ಟು ಸ್ವಲ್ಪ ತಿಳಿಯಿತು, ನೂರಹತ್ತಕ್ಕೆ ಒಂದೊಂದು ಚುಕ್ಕಿ, ಒಂದೊಂದು ಗೆರೆಗೂ ಜೀವ ಬರುತ್ತದೆ. ಕೆಲವರಿಗೆ ಇದು ವಿನಯವಾಗಿ ಕಾಣುತ್ತದೆ. ನನಗೆ ಇದರಲ್ಲಿ ಹಸಿವು ಕಾಣುತ್ತದೆ.

ಕೆತ್ತನೆಯ ವಿಷಯದಲ್ಲಿ ಆತ ಬಿಡುತ್ತಿರಲಿಲ್ಲ. ಎಗಾವಾ ಟೊಮೆಕಿಚಿ ಎಂಬ ಕೆತ್ತನೆಗಾರನಿಗೇ ಕೆಲಸ ಕೊಡಿ ಅಂತ ಪ್ರಕಾಶಕರಿಗೆ ಪತ್ರ ಬರೆದು ಒತ್ತಾಯಿಸಿದ್ದಾನೆ. ಬೇರೆಯವರು ಕಣ್ಣಿಗೆ ಕೆಳರೆಪ್ಪೆ ಸೇರಿಸುತ್ತಾರೆ, ಮೂಗನ್ನು ಉತಗಾವಾ ಪಂಥದ ರೀತಿಗೆ ತಿರುಗಿಸುತ್ತಾರೆ ಅನ್ನುವುದು ಅವನ ದೂರು. ಹುಡುಗನಾಗಿದ್ದಾಗ ಹಿಡಿದ ಉಳಿಯ ತಿಳಿವಳಿಕೆ ಎಂಬತ್ತರ ಹತ್ತಿರದಲ್ಲೂ ಕೆಲಸ ಮಾಡುತ್ತಿತ್ತು.

ಎಂಬತ್ತು ದಾಟಿದ ಮೇಲೆ ಎಡೋದಿಂದ ದೂರದ ಬೆಟ್ಟದ ಊರು ಒಬುಸೆಗೆ ಹೋಗಿಬಂದ. ಅಲ್ಲಿಯ ಶ್ರೀಮಂತ ವ್ಯಾಪಾರಿ ತಕಾಯ್ ಕೊಜಾನ್ ಆಶ್ರಯ ಕೊಟ್ಟ. ಅಲ್ಲಿನ ಉತ್ಸವದ ರಥದ ಒಳಚಾವಣಿಗೆ ಮತ್ತೆ ಅಲೆಗಳನ್ನೇ ಬರೆದ. ಈ ಸಲ ದೋಣಿ ಇಲ್ಲ, ಬೆಟ್ಟ ಇಲ್ಲ, ಸುಳಿಯುವ ನೀರು ಮಾತ್ರ. 1849ರ ಮೇ ತಿಂಗಳಲ್ಲಿ ತೀರಿಕೊಂಡ. ಇನ್ನೈದು ವರ್ಷ ಸಿಕ್ಕಿದ್ದರೆ ನಿಜವಾದ ಚಿತ್ರಕಾರನಾಗುತ್ತಿದ್ದೆ ಎಂದು ಕೊನೆಯಲ್ಲಿ ಹೇಳಿದನಂತೆ.

ಪ್ಯಾರಿಸ್‌ನ ಗೋಡೆಗಳಲ್ಲಿ

ಆತ ಸತ್ತ ನಾಲ್ಕೇ ವರ್ಷಕ್ಕೆ, 1853ರಲ್ಲಿ, ಅಮೆರಿಕದ ಯುದ್ಧನೌಕೆಗಳು ಎಡೋ ಕೊಲ್ಲಿಗೆ ಬಂದವು. ದೇಶದ ಬಾಗಿಲು ತೆರೆಯಿತು. ಪಿಂಗಾಣಿ, ರೇಷ್ಮೆ, ಬೀಸಣಿಗೆಗಳ ಜೊತೆ ಅಚ್ಚಿನ ಹಾಳೆಗಳೂ ಹಡಗು ಹತ್ತಿದವು. ಇಲ್ಲಿ ಅಗ್ಗದ ಬೆಲೆಯೇ ವರವಾಯಿತು. ಒಂದೇ ಒಂದು ಪ್ರತಿಯ ವರ್ಣಚಿತ್ರವಾಗಿದ್ದರೆ ಅದು ಯಾವುದೋ ದೊರೆಯ ಮನೆಯಲ್ಲೋ ದೇವಾಲಯದಲ್ಲೋ ಉಳಿಯುತ್ತಿತ್ತು. ಬಡ ಕಲಾವಿದರೂ ಕೊಳ್ಳಬಹುದಾದ ಹಾಳೆಯಾದ್ದರಿಂದ ಪ್ಯಾರಿಸ್‌ನ ಸ್ಟುಡಿಯೊಗಳಿಗೆ ನುಗ್ಗಿತು.

ಫೆಲಿಕ್ಸ್ ಬ್ರಾಕ್‌ಮೋಂ ಎಂಬ ಫ್ರೆಂಚ್ ಕಲಾವಿದ ಮಂಗಾ ಪುಸ್ತಕಗಳ ಮೀನು, ಹಕ್ಕಿಗಳನ್ನು 1866ರಲ್ಲಿ ಊಟದ ತಟ್ಟೆಗಳ ಮೇಲೆ ತಂದ. 1867ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಜಪಾನ್ ಅಧಿಕೃತವಾಗಿ ಭಾಗವಹಿಸಿತು. ಸೀಗ್‌ಫ್ರೀಡ್ ಬಿಂಗ್, ಹಯಾಶಿ ತದಾಮಸಾ ಎಂಬ ವ್ಯಾಪಾರಿಗಳ ಅಂಗಡಿಗಳಿಂದ ಹಾಳೆಗಳು ರಾಶಿಯಾಗಿ ಮಾರಾಟವಾದವು. ಫ್ರೆಂಚ್ ಚಿತ್ರಕಾರ ಮೊನೆ ಜಿವೆರ್ನಿ ಊರಿನ ತನ್ನ ಮನೆಯ ಗೋಡೆಗಳಿಗೆ ಜಪಾನಿ ಅಚ್ಚುಚಿತ್ರಗಳನ್ನು ತೂಗುಹಾಕಿದ. ಅವನ ಸಂಗ್ರಹದಲ್ಲಿದ್ದವು ಇನ್ನೂರಕ್ಕೂ ಹೆಚ್ಚು. ಚಿತ್ರಕಾರ ವ್ಯಾನ್ ಗೋ 1888ರ ಸೆಪ್ಟೆಂಬರ್‌ನಲ್ಲಿ ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಹೊಕುಸಾಯ್ ಬಗ್ಗೆ ಮಾತಾಡಿದ್ದಾನೆ. ಈ ಅಲೆಗಳು ಉಗುರುಗಳು, ದೋಣಿ ಅದರಲ್ಲಿ ಸಿಕ್ಕಿಬಿದ್ದಿದೆ ಎಂಬ ಪ್ರಸಿದ್ಧ ಮಾತು ಆ ಪತ್ರದಲ್ಲೇ ಇದೆ. ಥಿಯೋ ಹೇಳಿದ್ದನ್ನೇ ಆತ ಅಲ್ಲಿ ನೆನೆಯುತ್ತಾನೆ. ಇತರರು ಬಣ್ಣದಿಂದ ಮಾಡುವುದನ್ನು ಹೊಕುಸಾಯ್ ಗೆರೆಯಿಂದ ಮಾಡುತ್ತಾನೆ ಅನ್ನುವುದು ವ್ಯಾನ್ ಗೋನ ಮೆಚ್ಚುಗೆ.

ಆನ್ರಿ ರಿವಿಯೇರ್ ಎಂಬ ಫ್ರೆಂಚ್ ಕಲಾವಿದ ಫ್ಯೂಜಿಯ ಜಾಗದಲ್ಲಿ ಐಫೆಲ್ ಗೋಪುರ ಇಟ್ಟು ಮೂವತ್ತಾರು ನೋಟಗಳನ್ನು ಮಾಡಿದ. ಕಮಿಲ್ ಕ್ಲೊಡೆಲ್ ಎಂಬ ಶಿಲ್ಪಿ ಹಸಿರು ಓನಿಕ್ಸ್ ಕಲ್ಲಿನಲ್ಲಿ ಬಾಗಿದ ಅಲೆ ಕೆತ್ತಿ, ಅದರ ಕೆಳಗೆ ಕೈ ಹಿಡಿದ ಮೂವರು ಕಂಚಿನ ಹೆಂಗಸರನ್ನು ನಿಲ್ಲಿಸಿದಳು. ನನಗೆ ಅತಿ ಇಷ್ಟವಾದ ಉತ್ತರ ಇದು, ಏಕೆಂದರೆ ಅವಳು ಅಲೆಯ ಆಕಾರದ ಜೊತೆ ಅದರ ಕೆಳಗಿನ ಮನುಷ್ಯರನ್ನೂ ಗಮನಿಸಿದಳು. ಸಂಗೀತಗಾರ ಡೆಬ್ಯುಸಿ ಸಮುದ್ರದ ಮೇಲಿನ ತನ್ನ ಕೃತಿಯನ್ನು 1905ರಲ್ಲಿ ಪ್ರಕಟಿಸಿದಾಗ ಮುಖಪುಟಕ್ಕೆ ಹೊಕುಸಾಯ್ ಅಲೆಯೇ ಬಂತು.

ಜಪಾನಿನೊಳಗೆ ಈ ಹಾಳೆಗಳಿಗೆ ದೊಡ್ಡ ಕಲೆಯ ಮರ್ಯಾದೆ ಸಿಗಲು ತಡವಾಯಿತು. ಈಗ ಲೆಕ್ಕ ಬೇರೆ. ಟೋಕಿಯೊದ ಸುಮಿದಾದಲ್ಲಿ 2016ರಿಂದ ಅವನದೇ ಮ್ಯೂಸಿಯಂ ಇದೆ. 2024ರ ಜುಲೈನಲ್ಲಿ ಬಂದ ಹೊಸ 1000 ಯೆನ್ ನೋಟಿನ ಹಿಂಬದಿಗೆ ಅಲೆ ಏರಿದೆ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಒಂದು ಪ್ರತಿ 27 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ಹೆಸರಿಲ್ಲದ ಕೈಗಳು

ಈ ಕಥೆಯಲ್ಲಿ ನನ್ನನ್ನು ಕಾಡುವುದು ಮಗಳು ಓಯಿ. ಮದುವೆ ಮುರಿದು ತಂದೆಯ ಮನೆಗೆ ಬಂದವಳು, ಕೊನೆಯವರೆಗೆ ಅಪ್ಪನ ಜೊತೆಗಿದ್ದಳು. ಆಕೆಯೂ ಚಿತ್ರಗಾರ್ತಿ. ಹೆಂಗಸರ ಚಿತ್ರದಲ್ಲಿ ಮಗಳೇ ನನಗಿಂತ ಮೇಲು ಅಂತ ಹೊಕುಸಾಯ್ ಹೇಳಿದ್ದುಂಟಂತೆ. ಟೋಕಿಯೊದ ಓಟಾ ಸ್ಮಾರಕ ಮ್ಯೂಸಿಯಂನಲ್ಲಿ ಆಕೆ ಬರೆದ, ಎಡೋದ ವೇಶ್ಯಾವಾಟಿಕೆ ಯೋಶಿವಾರಾದ ರಾತ್ರಿಯ ಚಿತ್ರವಿದೆ. ಲಾಟೀನಿನ ಬೆಳಕು, ಜಾಲರಿಯ ನೆರಳು, ಕತ್ತಲಲ್ಲಿ ನಿಂತ ಗಿರಾಕಿಗಳು. ಬೆಳಕು-ನೆರಳನ್ನು ಹೀಗೆ ಹಿಡಿದವರು ಆ ಕಾಲದ ಜಪಾನಿನಲ್ಲಿ ತೀರಾ ಕಡಿಮೆ. ಆದರೆ ಆಕೆಯದೆಂದು ಹೇಳಬಹುದಾದ ಕೃತಿಗಳು ಬೆರಳೆಣಿಕೆಯಷ್ಟು. ಅಪ್ಪನ ಕೊನೆಗಾಲದ ಚಿತ್ರಗಳಲ್ಲಿ ಆಕೆಯ ಕೈ ಎಷ್ಟಿದೆ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಮ್ಯೂಸಿಯಂಗಳು ಆಕೆಯ ಹೆಸರನ್ನು ದೊಡ್ಡದಾಗಿ ಹಾಕಲಿ ಅನ್ನುವುದು ನನ್ನ ಆಸೆ. ಅಲೆಯ ಹಾಳೆಯಲ್ಲೂ ಇರುವುದು ಹೊಕುಸಾಯ್ ಸಹಿ ಮಾತ್ರ. ಕೆತ್ತಿದವನ ಹೆಸರಿಲ್ಲ, ಒತ್ತಿದವನ ಹೆಸರಿಲ್ಲ.

ಇವತ್ತು ಈ ಅಲೆಯ ನೂರಕ್ಕೂ ಹೆಚ್ಚು ಹಳೆಯ ಪ್ರತಿಗಳು ಲೋಕದಲ್ಲಿ ಉಳಿದಿವೆ. ಲಂಡನ್, ನ್ಯೂಯಾರ್ಕ್, ಶಿಕಾಗೊದ ಮ್ಯೂಸಿಯಂಗಳಲ್ಲಿ ಒಂದಕ್ಕಿಂತ ಹೆಚ್ಚು ಇವೆ. ಬೆಳಕಿಗೆ ಬಣ್ಣ ಮಾಸುವುದರಿಂದ ಸದಾ ತೂಗುಹಾಕುವುದಿಲ್ಲ. ಸ್ವಲ್ಪ ಕಾಲ ತೋರಿಸಿ ಮತ್ತೆ ಕತ್ತಲಲ್ಲಿ ಇಡುತ್ತಾರೆ. ಆ ಕಡೆ ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಎದುರು ನಿಂತಾಗ ಅಲೆಗೆ ಮೊದಲು ಎಡಭಾಗದ ಮೇಲಿನ ಶೀರ್ಷಿಕೆಯ ಚೌಕವನ್ನು ನೋಡಿ. ಹಲಗೆ ಸವೆದಂತೆಲ್ಲ ಅದರ ಎಡಗಡೆಯ ಗೆರೆ ಅಲ್ಲಲ್ಲಿ ಮುರಿದಿದೆ. ಗೆರೆ ಇಡಿಯಾಗಿದ್ದರೆ ನಿಮ್ಮ ಮುಂದಿರುವುದು ಮೊದಮೊದಲು ಒತ್ತಿದ ಪ್ರತಿ. ಆಮೇಲೆ ಆಕಾಶ. ಮೊದಲ ಪ್ರತಿಗಳಲ್ಲಿ ಅಲ್ಲಿ ತೆಳು ಗುಲಾಬಿ ಛಾಯೆಯ ಮೋಡವಿತ್ತು, ಬಹಳಷ್ಟು ಹಾಳೆಗಳಲ್ಲಿ ಅದು ಮಾಸಿಹೋಗಿದೆ. ಬರ್ಲಿನ್ ನೀಲಿ ಮಾತ್ರ ಇನ್ನೂ ಗಟ್ಟಿಯಾಗಿದೆ.